ಯಾರಿಗೂ ತೆರೆಯಬಾರದು

ಅಕ್ಟೋಬರಿನ ಒಂದು ಮಂಗಳವಾರ, ಬೆಳಗಿನ ಎರಡನೇ ಪಿರಿಯಡ್ಡು. ಟ್ಯಾನರ್ಸ್ ಬೆಂಡ್ ಶಾಲೆಯ ಚಾವಣಿಯ ಸ್ಪೀಕರುಗಳು ಒಮ್ಮೆ ಗೊರಗುಟ್ಟಿ, ಹೆಂಗಸಿನದೂ ಅಲ್ಲದ ಗಂಡಸಿನದೂ ಅಲ್ಲದ ದನಿಯಲ್ಲಿ ಮೂರು ಸಲ ಹೇಳಿದವು: "ಲಾಕ್‌ಡೌನ್. ಬಾಗಿಲು, ದೀಪ, ಮೌನ."

ಶಾಲೆಗೆ ಬಂದೂಕು ಹಿಡಿದವನು ನುಗ್ಗಿದರೆ ಅಡಗಿ ಕೂರುವುದರ ಅಭ್ಯಾಸ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಚರಿತ್ರೆಯ ಮೇಷ್ಟರು ಬಾಗಿಲಿನ ಚಿಲಕವನ್ನು ಎರಡು ಸಲ ಎಳೆದು ನೋಡಿದರು. ದೀಪ ಆರಿತು, ಪರದೆ ಇಳಿಯಿತು. ಇಪ್ಪತ್ತಾರು ಮಕ್ಕಳು ಗೋಡೆಗೆ ಬೆನ್ನುಕೊಟ್ಟು ಸಾಲಾಗಿ ಕುಕ್ಕರುಗಾಲಲ್ಲಿ ಕೂತರು. ಹದಿನೇಳು ವರ್ಷದ ಟೆಸ್ಸಾ ಹ್ರಿವ್ನಾಕ್ ಎಂದಿನಂತೆ ಬಾಗಿಲಿನಿಂದ ತೀರಾ ದೂರದ ಮೂಲೆ ಹಿಡಿದಳು. ಪರದೆಯ ಸಂದಿನಿಂದ ಬಿಸಿಲು ನೆಲದ ಮೇಲೆ ಪಟ್ಟಿಪಟ್ಟಿಯಾಗಿ ಬಿದ್ದಿತ್ತು. ಯಾರದೋ ಹೊಟ್ಟೆ ಗುರ್ರೆಂದಿತು, ಯಾರೂ ನಗಲಿಲ್ಲ.

ಆಗ ಬಾಗಿಲು ತಟ್ಟಿದ ಸದ್ದಾಯಿತು.

ಜೋರಾಗಿ ಅಲ್ಲ. ಬೆರಳಿನ ಗೆಣ್ಣಿನಿಂದ, ಮರ್ಯಾದಸ್ಥರ ಮನೆಯ ಬಾಗಿಲು ತಟ್ಟುವ ಹಾಗೆ. ಮೂರು ಸಲ. ಒಂದು ಉಸಿರಿನಷ್ಟು ಬಿಡುವು. ಮತ್ತೆ ಎರಡು.

ಟೆಸ್ಸಾ ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ಜೂನಿ ಅವಳ ಮುಂಗೈ ಹಿಡಿದುಕೊಂಡಳು. ಹತ್ತು ನಿಮಿಷ ಕಳೆದು ದೀಪ ಹತ್ತಿದಾಗ ಅಲ್ಲಿ ನಾಲ್ಕು ಉಗುರುಗಳ ಗುರುತು ಕೆಂಪಗೆ ಕೂತಿತ್ತು.

"ನಮ್ ಪೊಲೀಸಪ್ಪನಿಗೆ ಇದ್ದಕ್ಕಿದ್ದ ಹಾಗೆ ವಿನಯ ಬಂದ್ಬಿಡ್ತಲ್ಲೇ. ಯಾವಾಗ್ಲೂ ಹಿಡಿಕೆ ಹಿಡ್ದು ಜಗ್ಗಾಡ್ತಿದ್ದ, ಇವತ್ತು ತಟ್ಟಿ ಕೇಳ್ದ," ಎಂದಳು ಜೂನಿ. ನಗಿಸಲು ಆಡಿದ ಮಾತು. ಅವಳ ತುಟಿಯೇ ಬಿಳಿಚಿತ್ತು.

ಮಧ್ಯಾಹ್ನ ಊಟದ ಸಾಲಿನಲ್ಲಿ ಟೆಸ್ಸಾ, ಅಭ್ಯಾಸದ ಹೊತ್ತಿಗೆ ಬಾಗಿಲು ಪರೀಕ್ಷಿಸುವ ಶಾಲೆಯ ಪೊಲೀಸಿನವನನ್ನು ತಡೆದು ಕೇಳಿಯೇಬಿಟ್ಟಳು. ಅವನು ತಟ್ಟೆಯಲ್ಲಿದ್ದ ಕರಿದ ಆಲೂಗಡ್ಡೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ: "ನಾನಾ? ನಾನು ನಿಮ್ ಕಡೆ ಬರ್ಲೇ ಇಲ್ವಲ್ಲ. ಪೂರ್ತಿ ಹೊತ್ತು ವ್ಯಾಯಾಮದ ಹಾಲ್ ಹತ್ರ ಇದ್ದೆ. ಯಾಕೆ?"

"ಏನಿಲ್ಲ," ಎಂದಳು ಟೆಸ್ಸಾ.

ಆ ಕೋಣೆಗೆ ಈಗ ಎ-ಒಂಬತ್ತು ಎಂದು ಹೆಸರು. ಐದು ವರ್ಷದ ಹಿಂದೆ ಅದು ನೂರಹದಿನಾಲ್ಕು. ಆ ಫೆಬ್ರವರಿಯಾದ ಮೇಲೆ ಇಡೀ ಸಾಲಿನ ಕೋಣೆಗಳ ಸಂಖ್ಯೆ ಬದಲಾಯಿಸಿ, ಗೋಡೆಗೆ ತಿಳಿಹಳದಿ ಬಳಿದು, ಕಾರಿಡಾರಿನ ನೆಲದ ಹಾಸನ್ನೆಲ್ಲ ಕಿತ್ತು ಹೊಸದು ಹಾಕಿಸಿದ್ದರು. ಊರಿನವರು ಆ ದಿನವನ್ನು "ಫೆಬ್ರವರಿ" ಎಂದಷ್ಟೇ ಕರೆಯುತ್ತಿದ್ದರು. ಬಂದೂಕು ತಂದಿದ್ದ ಹದಿನೈದರ ಹುಡುಗನ ಹೆಸರನ್ನು ಯಾರೂ ಬಾಯಲ್ಲಿ ತರುತ್ತಿರಲಿಲ್ಲ. ಬಂದೂಕು ಅವನ ತಾತನದು. ಅಡುಗೆಮನೆಯ ಕಪಾಟಿನಲ್ಲಿ, ತಿಂಡಿಯ ಡಬ್ಬಗಳ ಹಿಂದೆ, ಬೀಗವಿಲ್ಲದೆ ಇತ್ತು. ಮೂವರು ಸತ್ತರು. ಅವರಲ್ಲೊಬ್ಬಳು ಹನ್ನೆರಡು ವರ್ಷದ ಕೊರಿನ್ ಪ್ರೂಯಿಟ್.

ಕೊರಿನ್ ಆ ಶಾಲೆಗೆ ಸೇರಿ ಆರು ವಾರವಾಗಿತ್ತಷ್ಟೆ. ತರಗತಿಯಲ್ಲಿ ಅವಳಿಗೆ ಗೊತ್ತಿದ್ದುದು ಒಂದೇ ಹೆಸರು. ಬಾಗಿಲ ಪಕ್ಕದ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಟೆಸ್ಸಾ ಒಂದು ದಿನ ಅವಳಿಗೆ ರಬ್ಬರು ಕೊಟ್ಟಿದ್ದಳು, ಅಷ್ಟೇ ಪರಿಚಯ. ಆ ಬೆಳಿಗ್ಗೆ ಕೊರಿನ್ ಶೌಚಕ್ಕೆಂದು ಹೊರಗೆ ಹೋದಳು. ಅವಳು ಹೋದ ಎರಡು ನಿಮಿಷಕ್ಕೆ ದೂರದಲ್ಲಿ ಪಟಾಕಿಯಂಥ ಸದ್ದು ಕೇಳಿತು. ಟೀಚರ್ ಮಿಸೆಸ್ ಹ್ಯಾಲೊರನ್ ನಿಯಮದ ಪ್ರಕಾರ ಬಾಗಿಲಿಗೆ ಬೀಗ ಹಾಕಿ ದೀಪ ಆರಿಸಿದರು. ನಿಯಮದ ಐದನೇ ಸಾಲು ಹೀಗಿತ್ತು: ಬೀಗ ಹಾಕಿದ ಮೇಲೆ ಯಾರಿಗೂ ತೆರೆಯಬಾರದು.

ಬಾಗಿಲು ತಟ್ಟಿದ ಸದ್ದಾಯಿತು. ಮೂರು, ಮತ್ತೆ ಎರಡು. ಆಮೇಲೆ ಬಾಗಿಲ ಸಂದಿಗೆ ಬಾಯಿಟ್ಟು ಆಡಿದಂಥ ಪಿಸುದನಿ: "ಟೆಸ್ಸಾ? ನಾನು ಕಣೇ. ತೆಗಿ."

ಟೆಸ್ಸಾ ಏಳಲು ಹೋದಳು. ಟೀಚರ್ ಅವಳ ಅಂಗಿಯ ತೋಳು ಹಿಡಿದು ಕೂರಿಸಿದರು. ಹಿಡಿತ ಬಿಡಲಿಲ್ಲ. ಹೊರಗೆ ಇನ್ನೊಮ್ಮೆ ತಟ್ಟಿತು, ಆಮೇಲೆ ತಟ್ಟಲಿಲ್ಲ.

ಪೊಲೀಸರು ಒಬ್ಬೊಬ್ಬ ಮಗುವನ್ನೂ ಕರೆದು ಏನು ಕೇಳಿಸಿತು ಎಂದು ವಿಚಾರಿಸಿದರು. ಸದ್ದು ಕೇಳಿಸಿತು ಎಂದಳು ಟೆಸ್ಸಾ. ಎಂಥ ಸದ್ದು ಎಂದು ಅವರು ಕೇಳಲಿಲ್ಲ. ಕೋಣೆಯಲ್ಲಿದ್ದ ಇಪ್ಪತ್ತನಾಲ್ಕು ಮಕ್ಕಳೂ ಅದನ್ನು ಕೇಳಿದ್ದರು, ಒಬ್ಬರೂ ಇನ್ನೊಬ್ಬರ ಹತ್ತಿರ ಬಾಯಿಬಿಡಲಿಲ್ಲ. ಜೂನಿ ಕೂಡ ಅವತ್ತು ಅಲ್ಲಿದ್ದಳು. ಐದು ವರ್ಷ ಒಟ್ಟಿಗೆ ತಿಂದು, ಒಟ್ಟಿಗೆ ಓದಿ, ಒಬ್ಬರ ಬಟ್ಟೆ ಒಬ್ಬರು ಹಾಕಿಕೊಂಡು ಬೆಳೆದ ಇಬ್ಬರೂ ಆ ಒಂದು ಮಾತನ್ನು ಮಾತ್ರ ಬಾವಿಗೆ ಬಿದ್ದ ಕೊಡದಂತೆ ಒಳಗೇ ಬಿಟ್ಟಿದ್ದರು.

ಆ ವರ್ಷ ಶಾಲಾ ಮಂಡಳಿಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಸ್ಥಾನ ಕೊಡಲಾಯಿತು. ಮಾತಾಡಬಹುದು, ಮತವಿಲ್ಲ. ಬೇರೆ ಯಾರೂ ನಿಲ್ಲಲಿಲ್ಲವಾದ್ದರಿಂದ ಟೆಸ್ಸಾ ಗೆದ್ದಳು. ಒಂಬತ್ತು ಸದಸ್ಯರು ತೊಗಲಿನ ಕುರ್ಚಿಗಳಲ್ಲಿ ಕೂತರೆ ಮೇಜಿನ ತುದಿಯಲ್ಲಿ ಅವಳಿಗೊಂದು ಮಡಿಸುವ ಕುರ್ಚಿ. ಅದರಲ್ಲಿ ಕೂತರೆ ಗದ್ದ ಮೇಜಿನ ಮಟ್ಟಕ್ಕೆ ಬರುತ್ತಿತ್ತು.

ನವೆಂಬರಿನ ಮೊದಲ ಸಭೆಗೆ ಒಂದು ಬಾಗಿಲು ಕಂಪನಿಯ ಪ್ರತಿನಿಧಿ ಬಂದಿದ್ದ. ಅಂದವಾಗಿ ಕ್ರಾಪು ತೆಗೆದ, ಹಲ್ಲು ಬಿಳುಪಾದ ಮನುಷ್ಯ. ಕಚೇರಿಯಲ್ಲಿ ಒಂದು ಗುಂಡಿ ಒತ್ತಿದರೆ ಎರಡೇ ಸೆಕೆಂಡಿನಲ್ಲಿ ಶಾಲೆಯ ಅಷ್ಟೂ ಬಾಗಿಲುಗಳು ತಾವಾಗಿ ಬೀಗ ಹಾಕಿಕೊಳ್ಳುತ್ತವೆ. ಕಚೇರಿ ಬಿಡುವವರೆಗೆ ಒಳಗಿನಿಂದಲೂ ತೆರೆಯಲಾಗದು, ಹೊರಗಿನಿಂದಲೂ ತೆರೆಯಲಾಗದು. ಬೆಂಕಿಯ ಗಂಟೆ ಹೊಡೆದರೆ ಮಾತ್ರ ತಾವೇ ಬಿಚ್ಚಿಕೊಳ್ಳುತ್ತವೆ.

"ಟೀಚರು ಯೋಚಿಸೋ ಹಾಗೇ ಇಲ್ಲ. ಮನುಷ್ಯ ಯೋಚಿಸಿದ್ರೆ ತಪ್ಪು ಮಾಡ್ತಾನೆ," ಎಂದ ಅವನು.

ಟೆಸ್ಸಾ ಕೈ ಎತ್ತಿದಳು. "ಆಗ ಕಾರಿಡಾರಲ್ಲಿ ಯಾರಾದ್ರೂ ಇದ್ರೆ?"

ಅವನು ಅವಳ ಕಡೆ ಮೃದುವಾಗಿ ನಕ್ಕ. "ಒಳ್ಳೇ ಪ್ರಶ್ನೆ. ನೋಡಮ್ಮ, ಕಾರಿಡಾರಲ್ಲಿ ಇರೋದು ಒಬ್ರು. ಕೋಣೇಲಿ ಇರೋದು ಇಪ್ಪತ್ತೈದು ಜನ. ಲೆಕ್ಕ ಕಷ್ಟಾನೇ, ಆದ್ರೆ ಲೆಕ್ಕ ಲೆಕ್ಕಾನೇ."

ಮಂಡಳಿಯ ಅಧ್ಯಕ್ಷ ಲೈಲ್ ಬ್ರಾಂಟ್ ಊರಿನಲ್ಲಿ ಟೈರು ಅಂಗಡಿ ಇಟ್ಟಿದ್ದವರು. ಟೆಸ್ಸಾಳನ್ನು ಹುಟ್ಟಿದಾಗಿನಿಂದ ಬಲ್ಲವರು. "ಆಯ್ತು ಮಗೂ," ಎಂದರು, "ನಿನ್ನ ಮಾತು ಬರ್ಕೊಂಡಿದೀವಿ. ಮುಂದಿನ ವಿಷಯ."

ಅವಳು ಕೂತಲ್ಲಿಂದಲೇ ಕಂಡಳು: ಸಭೆಯ ನಡಾವಳಿ ಬರೆದುಕೊಳ್ಳುವ ಹೆಂಗಸಿನ ಪೆನ್ನು ಅಲುಗಿಯೇ ಇರಲಿಲ್ಲ.

ಮರುದಿನದಿಂದ ಟೆಸ್ಸಾ ಮತ್ತು ಜೂನಿ ಗ್ರಂಥಾಲಯದಲ್ಲಿ ಒಂದು ಪೆಟ್ಟಿಗೆ ಇಟ್ಟರು. ಲಾಕ್‌ಡೌನ್ ಅಭ್ಯಾಸದ ಬಗ್ಗೆ ಯಾರಿಗೆ ಏನನ್ನಿಸುತ್ತದೋ ಬರೆದು ಹಾಕಿ, ಹೆಸರು ಬೇಡ ಎಂದು ಅಂಟಿಸಿದರು. ಎರಡು ವಾರಕ್ಕೆ ಮುನ್ನೂರಕ್ಕೂ ಹೆಚ್ಚು ಚೀಟಿಗಳು ಬಿದ್ದವು. ಒಬ್ಬಳು, ಅಭ್ಯಾಸದ ಹಿಂದಿನ ದಿನವೇ ಹೇಳಿದರೆ ಅಮ್ಮನಿಗೆ ಸರಿಯಾಗಿ ಬೈ ಹೇಳಿ ಬರುತ್ತೇನೆ ಎಂದು ಬರೆದಿದ್ದಳು. ಇನ್ನೊಬ್ಬ, ನಮ್ಮ ಮನೆಯಲ್ಲಿ ಏಳು ಬಂದೂಕಿವೆ, ಕೀಲಿಕೈ ಎಲ್ಲಿದೆ ಅಂತ ನನ್ನ ತಂಗಿಗೂ ಗೊತ್ತು ಎಂದಿದ್ದ.

ಜೂನಿ ಚೀಟಿಗಳನ್ನು ವಿಂಗಡಿಸುತ್ತ ಒಂದು ಗುಂಪನ್ನು ಬೇರೆಯಾಗಿ ಇಡತೊಡಗಿದಳು. ಆಮೇಲೆ ಮಾತಾಡದೆ ಅದನ್ನು ಟೆಸ್ಸಾಳ ಮುಂದೆ ತಳ್ಳಿದಳು. ಇಪ್ಪತ್ತೆರಡು ಚೀಟಿಗಳು.

"ಎ-ಒಂಬತ್ತರಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. ನಿಲ್ಲಿಸಲು ಹೇಳಿ, ಚಿಕ್ಕವರು ಅಳುತ್ತಾರೆ."

"ಬಾಗಿಲು ತಟ್ಟಿ ಪರೀಕ್ಷೆ ಮಾಡುವವರು ತುಂಬ ಕುಳ್ಳಗಿದ್ದಾರಾ? ಸದ್ದು ಹಿಡಿಕೆಗಿಂತ ಕೆಳಗಿಂದ ಬರುತ್ತೆ."

"ಮೂರು ಸಲ, ಆಮೇಲೆ ಎರಡು ಸಲ."

ಅಕ್ಷರ ನೋಡಿದರೆ ಹೆಚ್ಚಿನವು ಏಳನೆಯ ಎಂಟನೆಯ ತರಗತಿಯವು. ಆ ಫೆಬ್ರವರಿಯಲ್ಲಿ ಅವರಿಗೆ ಏಳೆಂಟು ವರ್ಷ. ಬೇರೆ ಕಟ್ಟಡದಲ್ಲಿ ಬಣ್ಣ ಹಚ್ಚುತ್ತ ಕೂತಿದ್ದವರು. ಮೂರು, ಎರಡು ಎಂಬುದು ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ, ಯಾರ ಬಾಯಿಂದಲೂ ಬಂದಿರಲಿಲ್ಲ.

"ಹಾಗಾದ್ರೆ ಪ್ರತೀ ಸಲ ಕೇಳ್ಸೋದು ನನಗೊಬ್ಳಿಗೇ ಅಲ್ಲ," ಎಂದಳು ಟೆಸ್ಸಾ. ಐದು ವರ್ಷದಲ್ಲಿ ಮೊದಲ ಬಾರಿ.

"ನನಗೂ ಪ್ರತೀ ಸಲ. ಅವತ್ತು ಪೊಲೀಸಪ್ಪ ಅಂತ ಸುಮ್ನೆ ಅಂದೆ," ಎಂದಳು ಜೂನಿ. ಕಣ್ಣೊರೆಸಿಕೊಂಡು, "ಮಾರಾಯ್ತಿ, ನಾನು ತಲೆ ಕೆಟ್ಟಿದೆ ಅಂದ್ಕೊಂಡು ಎಂಟು ತಿಂಗಳು ಮಾತ್ರೆ ನುಂಗಿದೀನಿ ಕಣೇ," ಎಂದು ನಕ್ಕಳು. ಆ ನಗು ಅಳುವಿಗಿಂತ ಕಡೆಯಾಗಿತ್ತು.

ಆ ಇಪ್ಪತ್ತೆರಡು ಚೀಟಿಗಳನ್ನು ಮಂಡಳಿಯ ಮುಂದೆ ಇಡುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದರು. ದೆವ್ವದ ಕತೆ ಎಂದು ನಗುತ್ತಾರೆ, ಉಳಿದ ಮುನ್ನೂರೂ ಅದರ ಜೊತೆಗೇ ಕಸಕ್ಕೆ ಹೋಗುತ್ತವೆ. ಬದಲಿಗೆ ಎರಡು ಬೇಡಿಕೆ ಬರೆದರು. ಒಂದು: ತಾನೇ ಬೀಗ ಹಾಕಿಕೊಳ್ಳುವ ಬಾಗಿಲು ಬೇಡ, ಬೀಗ ಹಾಕುವ ಮುನ್ನ ಟೀಚರು ಕಾರಿಡಾರು ನೋಡಬೇಕು, ಹೊರಗೆ ಮಗು ಇದ್ದರೆ ತೆರೆದು ಒಳಗೆ ಎಳೆದುಕೊಳ್ಳುವ ಅಧಿಕಾರ ಅವರಿಗಿರಬೇಕು. ಎರಡು: ಮನೆಯಲ್ಲಿರುವ ಬಂದೂಕಿಗೆ ಬೀಗ ಹಾಕಿದ್ದೇವೆ ಎಂದು ಪ್ರತಿ ಮನೆಯವರೂ ವರ್ಷಕ್ಕೊಮ್ಮೆ ಶಾಲೆಗೆ ಸಹಿ ಹಾಕಿಕೊಡಬೇಕು.

"ಎರಡನೇದು ಓದಿದ ತಕ್ಷಣ ನಮ್ಮಪ್ಪ ನನ್ನ ಮನೆಯಿಂದ ಆಚೆ ಹಾಕ್ತಾನೆ," ಎಂದಳು ಟೆಸ್ಸಾ. ಜಿಂಕೆ ಬೇಟೆಯ ಮೊದಲ ಸೋಮವಾರ ಶಾಲೆಗೇ ರಜೆ ಕೊಡುವ ಊರು ಅದು.

ಆದರೆ ಮೊದಲನೆಯ ಬೇಡಿಕೆಯನ್ನು ಎತ್ತಿ ಹಿಡಿಯಬೇಕಾದರೆ ನೂರಹದಿನಾಲ್ಕರಲ್ಲಿ ನಡೆದದ್ದನ್ನು ಹೇಳಲೇಬೇಕಿತ್ತು. ಹೇಳುವ ಮೊದಲು ಟೆಸ್ಸಾ ಒಬ್ಬರನ್ನು ಕಾಣಬೇಕಿತ್ತು.

ಮಿಸೆಸ್ ಹ್ಯಾಲೊರನ್ ಪಾಠ ಹೇಳುವುದನ್ನು ಬಿಟ್ಟು ಹೆದ್ದಾರಿ ಬದಿಯ ಗಾಜಿನ ಮನೆಯ ನರ್ಸರಿಯಲ್ಲಿ ಗಿಡ ಮಾರುತ್ತಿದ್ದರು. ಶನಿವಾರ ಬೆಳಿಗ್ಗೆ ಟೆಸ್ಸಾ ಹೋದಾಗ ಕುಂಡಗಳಿಗೆ ಮಣ್ಣು ತುಂಬುತ್ತಿದ್ದರು. ಗಾಜಿನ ಮನೆಗೆ ನಾಲ್ಕು ಕಡೆಯೂ ಬಾಗಿಲು. ಆ ಕೊರೆಯುವ ಚಳಿಯಲ್ಲೂ ನಾಲ್ಕನ್ನೂ ಕಲ್ಲು ಕೊಟ್ಟು ತೆರೆದಿಟ್ಟಿದ್ದರು.

ಟೆಸ್ಸಾಳನ್ನು ಕಂಡೊಡನೆ ಅವರ ಕಣ್ಣು ಹೋದದ್ದು ಅವಳ ಮುಖಕ್ಕಲ್ಲ, ತೋಳಿಗೆ.

"ದೊಡ್ಡವಳಾಗಿದೀಯ," ಎಂದರು.

"ಮಿಸ್, ನಾನು ಮಂಡಳಿ ಮುಂದೆ ಹೇಳ್ಬೇಕು ಅಂತಿದೀನಿ. ಅವತ್ತಿಂದು. ನಿಮ್ಮ ಹೆಸರೂ ಬರುತ್ತೆ."

ಅವರು ಕೈಯ ಮಣ್ಣನ್ನು ನಿಧಾನವಾಗಿ ಉದುರಿಸಿಕೊಂಡರು. "ಆ ನಿಯಮದ ಕಾರ್ಡು ನನ್ನ ಜೇಬಲ್ಲಿತ್ತು ಟೆಸ್ಸಾ. ನಾನು ಅದರಲ್ಲಿದ್ದಷ್ಟೂ ಮಾಡ್ದೆ. ಒಂದಕ್ಷರ ಬಿಡ್ಲಿಲ್ಲ. ಎಲ್ರೂ ಬಂದು ನನ್ನ ಕೈ ಕುಲುಕಿದ್ರು, ಇಪ್ಪತ್ನಾಲ್ಕು ಮಕ್ಕಳನ್ನ ಉಳಿಸ್ದೆ ಅಂತ. ಬ್ರಾಂಟ್ ಪ್ರಶಸ್ತಿ ಪತ್ರ ಕೊಟ್ರು." ಉಗುರಿನ ಸಂದಿನ ಮಣ್ಣು ಕೆರೆಯುತ್ತ ಕೇಳಿದರು: "ಈಗಲೂ ತಟ್ತಾಳಾ?"

ಟೆಸ್ಸಾ ಒಂದು ಹೆಜ್ಜೆ ಹತ್ತಿರ ಬಂದಳು. "ನಿಮಗೆ ಹೇಗೆ ಗೊತ್ತು?"

"ನಾನು ಬಿಟ್ಟಿದ್ದು ಅದಕ್ಕೇ ಅಲ್ವೇನೇ? ಮುಂದಿನ ವರ್ಷದ ಮೊದಲ್ನೇ ಅಭ್ಯಾಸದಲ್ಲೇ ಕೇಳಿಸ್ತು. ಅವತ್ತೂ ಕಾರ್ಡ್ ಪ್ರಕಾರ ಕೂತೇ ಇದ್ದೆ. ಸಾಯಂಕಾಲ ರಾಜೀನಾಮೆ ಕೊಟ್ಟೆ." ಅವರು ಒಂದು ಕುಂಡವನ್ನು ಎತ್ತಿ, ಎಲ್ಲಿಡಬೇಕೆಂದು ಮರೆತವರಂತೆ ಮತ್ತೆ ಅಲ್ಲೇ ಇಟ್ಟರು. "ನನ್ನ ಹೆಸರು ಹೇಳು. ಧಾರಾಳವಾಗಿ ಹೇಳು. ಆದ್ರೆ ಮೊದ್ಲು ಕೊರಿನ್ ಅಮ್ಮ ಗ್ಲೆಂಡಾ ಹತ್ರ ಹೋಗು. ಆ ತಾಯಿ ಇದನ್ನ ಸಭೇಲಿ ನಾಲ್ಕು ಜನದ ಮಧ್ಯೆ ಕೂತು ಕೇಳಬಾರ್ದು."

ಗ್ಲೆಂಡಾ ಪ್ರೂಯಿಟ್ ನದಿಯ ಆಚೆ ದಡದಲ್ಲಿ ಒಬ್ಬಳೇ ಇದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಟೆಸ್ಸಾ ಬಾಗಿಲ ಮುಂದೆ ನಿಂತು ಗಂಟೆಯ ಗುಂಡಿಗಾಗಿ ಹುಡುಕಿದಳು. ತಟ್ಟಲು ಕೈ ಏಳಲಿಲ್ಲ. ಅಷ್ಟರಲ್ಲಿ ಗ್ಲೆಂಡಾಳೇ ಬಾಗಿಲು ತೆಗೆದಳು.

"ಕಿಟಕೀಲಿ ನೋಡ್ದೆ. ಹ್ರಿವ್ನಾಕ್ ಮಗಳಲ್ವಾ ನೀನು? ಬಾ ಒಳಗೆ, ಚಳಿ."

ಅಡುಗೆಮನೆಯ ಮೇಜಿನ ಮುಂದೆ ಕೂತು ಟೆಸ್ಸಾ ಎಲ್ಲವನ್ನೂ ಹೇಳಿದಳು. ತಲೆ ಎತ್ತದೆ, ಮೇಜಿನ ಗೆರೆಗಳನ್ನು ನೋಡುತ್ತ ಹೇಳಿದಳು.

"ನನಗೆ ಅವಳು ಶೌಚಾಲಯದ ಹತ್ರ ಇದ್ಲು ಅಂತ ಹೇಳಿದ್ರು," ಎಂದಳು ಗ್ಲೆಂಡಾ ಕೊನೆಗೆ. "ಏನೂ ಗೊತ್ತಾಗದೆ ಹೋಗ್ಬಿಟ್ಲು, ಭಯಾನೂ ಪಟ್ಟಿರಲ್ಲ ಅಂದ್ರು. ಐದು ವರ್ಷ ಅದನ್ನೇ ನಂಬ್ಕೊಂಡು ನಿದ್ದೆ ಮಾಡಿದೀನಿ."

"ನನ್ನ ಕ್ಷಮಿಸಿ."

"ಹೇಗೆ ತಟ್ಟಿದ್ಲು?"

ಟೆಸ್ಸಾಳಿಗೆ ಅರ್ಥವಾಗಲಿಲ್ಲ.

"ಹೇಗೆ ತಟ್ಟಿದ್ಲು ಅಂದೆ. ತಟ್ಟಿ ತೋರ್ಸು."

ಟೆಸ್ಸಾ ಬೆರಳಿನ ಗೆಣ್ಣಿನಿಂದ ಮೇಜಿನ ಮೇಲೆ ತಟ್ಟಿದಳು. ಮೂರು. ಬಿಡುವು. ಎರಡು.

ಗ್ಲೆಂಡಾಳ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ಬಚ್ಚಲುಮನೆ ಬಾಗಿಲು ಹಾಗೇ ತಟ್ತಿದ್ಲು. ನಾನು ಒಳಗೆ ಹೋಗಿ ಐದು ನಿಮಿಷ ಆದ್ರೆ ಸಾಕು. 'ಅಮ್ಮಾ, ಸತ್ತೋದ್ಯಾ?' ಅಂತ ಕೂಗೋಳು. 'ಹೂಂ ಸತ್ತೋದೆ, ಹೋಗೇ' ಅಂತ ನಾನು." ಅವಳು ಎದ್ದು ಒಲೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಆಮೇಲೆ, "ಸಭೇಲಿ ಹೇಳು. ನಾನೂ ಬರ್ತೀನಿ. ಈಗ ಎದ್ದು ಮನೆಗೆ ಹೋಗು ಮಗಳೇ, ಇನ್ನು ನಿನ್ನ ಮುಖ ನೋಡೋಕೆ ನನ್ನ ಕೈಲಿ ಆಗಲ್ಲ," ಎಂದಳು.

ತೀರ್ಮಾನದ ಸಭೆ ಡಿಸೆಂಬರಿನ ಮಧ್ಯದಲ್ಲಿ, ಸಂಜೆ ನಾಲ್ಕಕ್ಕೆ. ಬಾಗಿಲಿನವನು, ಅಷ್ಟು ಹೊತ್ತಿಗೆ ಊರೆಲ್ಲ ಅವನನ್ನು ಹಾಗೇ ಕರೆಯುತ್ತಿತ್ತು, ಒಂದು ಮಾದರಿ ಬಾಗಿಲನ್ನು ಆಗಲೇ ಕೂರಿಸಿದ್ದ. ಯಾವ ಕೋಣೆಗೆ ಎಂದು ಅವನು ಕೇಳಿದಾಗ ಹಿಂದಿನದೇನೂ ತಿಳಿಯದ ಹೊಸ ಗುಮಾಸ್ತೆ ಎ-ಒಂಬತ್ತು ಸಂಜೆ ಖಾಲಿಯಿರುತ್ತದೆ ಎಂದಿದ್ದಳಂತೆ. ಹಾಗಾಗಿ ಸಭೆಯೂ ಅಲ್ಲೇ ಸೇರಿತು.

ಮಂಡಳಿಯ ಒಂಬತ್ತು ಜನ ಮುಂದೆ ಕೂತರು. ಹಿಂದಿನ ಬೆಂಚುಗಳಲ್ಲಿ ಮೂವತ್ತು ಮೂವತ್ತೈದು ಊರಿನವರು. ಟೆಸ್ಸಾಳ ಅಪ್ಪ ರಾನ್, ಗಿರಣಿಯ ಕೆಲಸದ ಬೂಟು ಕಳಚದೆಯೇ ಬಂದು ಗೋಡೆಗೊರಗಿ ನಿಂತಿದ್ದ. ಎರಡನೇ ಬೇಡಿಕೆಯ ಸುದ್ದಿ ತಿಳಿದಾಗಿನಿಂದ ಅವನು ಮಗಳೊಂದಿಗೆ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟು ಮಾತ್ರ ಮಾತಾಡಿದ್ದ. ಕಟ್ಟಕಡೆಯ ಬೆಂಚಿನಲ್ಲಿ ಗ್ಲೆಂಡಾ, ಕೋಟಿನ ಗುಂಡಿ ಬಿಚ್ಚದೆ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಎಲ್ಲರೂ ಒಳಗಿದೀರಲ್ಲ? ಒಂದು ಸಣ್ಣ ಪ್ರದರ್ಶನ, ಐದೇ ನಿಮಿಷ. ನಾನು ಬೇಡ ಅಂದ್ರೂ ಐದು ನಿಮಿಷ ತೆಗೆಯಕ್ಕಾಗಲ್ಲ. ಅದೇ ಇದರ ವಿಶೇಷ," ಎಂದು ಬಾಗಿಲಿನವನು ಕೈಯಲ್ಲಿದ್ದ ಗುಂಡಿ ಒತ್ತಿದ.

ಗೋಡೆಯೊಳಗೆ ಭಾರವಾದದ್ದೇನೋ ಜಾರಿ ಕೂತ ಸದ್ದು. ದೀಪಗಳು ತಾವಾಗಿ ಆರಿದವು. ಹೊರಗೆ ಸಂಜೆಯ ಬೂದು ಬೆಳಕು ಇನ್ನೂ ಇತ್ತು. ಆ ಬೆಳಕಿನಲ್ಲಿ ಮುಖಗಳೆಲ್ಲ ನೀರಿನಡಿಯ ಕಲ್ಲುಗಳಂತೆ ಕಂಡವು.

"ನೋಡಿದ್ರಾ, ಎರಡೇ ಸೆಕೆಂಡು," ಎಂದ.

ಬಾಗಿಲು ತಟ್ಟಿದ ಸದ್ದಾಯಿತು.

ಮೂರು. ಬಿಡುವು. ಎರಡು.

"ತಡವಾಗಿ ಬಂದವರು ಯಾರೋ," ಎಂದು ಬಾಗಿಲಿನವನು ನಕ್ಕ. "ಇದೂ ಒಳ್ಳೇ ಉದಾಹರಣೇನೇ. ಅವರು ಕಾಯ್ಬೇಕಾಗುತ್ತೆ."

ಯಾರೂ ನಗಲಿಲ್ಲ. ಮತ್ತೆ ತಟ್ಟಿತು. ಈ ಸಲ ಬಿಡುವು ಕಡಿಮೆಯಾಗಿತ್ತು, ತಟ್ಟುವ ಕೈಗೆ ಅವಸರ ಹುಟ್ಟಿದ ಹಾಗೆ. ಸದ್ದು ಹಿಡಿಕೆಗಿಂತ ಒಂದು ಗೇಣು ಕೆಳಗಿನಿಂದ ಬರುತ್ತಿತ್ತು. ಅದು ದೊಡ್ಡವರ ಕೈಯಲ್ಲ ಎಂದು ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಹೇಳದೆಯೇ ತಿಳಿಯಿತು.

"ಯಾರದು?" ಎಂದು ಲೈಲ್ ಬ್ರಾಂಟ್ ಕೂಗಿದರು.

ಉತ್ತರವಿಲ್ಲ. ಬಾಗಿಲ ಅಡಿಯ ಸಂದಿನಲ್ಲಿ ಕಾರಿಡಾರಿನ ಬೆಳಕು ಒಂದು ಗೆರೆಯಾಗಿತ್ತು. ಆ ಗೆರೆಯ ನಡುವೆ ಎರಡು ಕಡೆ ಕಪ್ಪು. ನಿಂತ ಎರಡು ಪಾದಗಳಷ್ಟು.

ಮೂರನೇ ಸಲ ತಟ್ಟಿದಾಗ ಬ್ರಾಂಟ್ ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. ಅರವತ್ತು ದಾಟಿದ, ಮಂಡಿನೋವಿನ ಮನುಷ್ಯ ಮೂರು ಹೆಜ್ಜೆಯಲ್ಲಿ ಬಾಗಿಲು ಮುಟ್ಟಿ ಹಿಡಿಕೆಯನ್ನು ಎರಡೂ ಕೈಯಿಂದ ಜಗ್ಗಿದರು. ಅದು ಅಲುಗಲಿಲ್ಲ. "ತೆಗಿಯಯ್ಯಾ ಇದನ್ನ!" ಎಂದು ಬಾಗಿಲಿನವನ ಮೇಲೆ ಅರಚಿದರು. "ಹೊರಗೆ ಯಾವುದೋ ಮಗು ಇದೆ, ತೆಗಿ!"

"ಆಗಲ್ಲ ಸರ್. ಇನ್ನೂ ನಾಲ್ಕು ನಿಮಿಷ..."

"ತೆಗಿ ಅಂದೆ!"

ಹಿಂದಿನ ಬೆಂಚಿನಲ್ಲಿ ಗ್ಲೆಂಡಾ ಎದ್ದು ನಿಂತಿದ್ದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ತಟ್ಟುವುದು ನಿಂತಿತು. ಸಂದಿನ ಬೆಳಕಿನ ಗೆರೆ ಮತ್ತೆ ಪೂರ್ತಿಯಾಯಿತು. ನಡೆದುಹೋದ ಸದ್ದು ಮಾತ್ರ ಕೇಳಲಿಲ್ಲ.

ಆ ನಾಲ್ಕು ನಿಮಿಷ ಯಾರೂ ಕೂರಲಿಲ್ಲ. ಬ್ರಾಂಟ್ ಹಿಡಿಕೆ ಬಿಡಲಿಲ್ಲ. ಬೀಗ ತಾನೇ ಜಾರಿ ಬಾಗಿಲು ಬಿಚ್ಚಿಕೊಂಡಾಗ ಅವರು ಮುಗ್ಗರಿಸುತ್ತ ಹೊರಗೆ ಬಿದ್ದರು. ಎರಡೂ ಕಡೆ ಉದ್ದಕ್ಕೆ ಮಿರುಗುವ ಖಾಲಿ ನೆಲ. ದೂರದ ತುದಿಯಲ್ಲಿ ನೆಲ ಒರೆಸುವವನು ಯಂತ್ರ ನಿಲ್ಲಿಸಿ ನೋಡಿದ. ಯಾರಾದರೂ ಬಂದರಾ ಎಂದು ಕೇಳಿದ್ದಕ್ಕೆ ಇಲ್ಲವಲ್ಲ, ಅರ್ಧ ಗಂಟೆಯಿಂದ ಇಲ್ಲೇ ಇದ್ದೇನೆ ಎಂದ. ಆಮೇಲೆ ಕ್ಯಾಮೆರಾ ನೋಡಿದರು. ಕಾರಿಡಾರು ಖಾಲಿ. ಬಾಗಿಲಿನವನು ಹೀಟರಿನ ಕೊಳವೆಯ ಸದ್ದಿರಬೇಕು ಎಂದ. ಅವನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

ಬ್ರಾಂಟ್ ಒಳಗೆ ಬಂದು ಕುರ್ಚಿ ಎತ್ತಿ ಕೂತರು. ನೀರು ಕುಡಿದು, "ಸಭೆ... ಮುಂದುವರೀಲಿ," ಎಂದರು.

ಟೆಸ್ಸಾ ಎದ್ದಳು. ಬರೆದು ತಂದಿದ್ದ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿದಳು.

"ಬ್ರಾಂಟ್ ಸರ್, ನೀವು ಎದ್ರಿ," ಎಂದಳು. "ಹೊರಗೆ ಯಾರಿದಾರೆ ಅಂತ ನಿಮಗೆ ಗೊತ್ತಿರ್ಲಿಲ್ಲ. ಒಳಗೆ ನಲವತ್ತು ಜನ ಇದೀವಿ, ಹೊರಗೆ ಒಬ್ರು ಅಂತ ಲೆಕ್ಕ ಹಾಕ್ಲಿಲ್ಲ. ಎದ್ದು ಹೋದ್ರಿ. ನಿಮ್ಮನ್ನ ಯಾರೂ ತಪ್ಪು ಅನ್ನಲಿಲ್ಲ. ಇವತ್ತು ನೀವು ಪಾಸ್ ಮಾಡೋಕೆ ಹೊರಟಿರೋ ನಿಯಮ, ಈಗ ನೀವು ಮಾಡಿದ್ದನ್ನ ಮಾಡಬಾರ್ದು ಅನ್ನುತ್ತೆ."

ಆಮೇಲೆ ಫೆಬ್ರವರಿಯ ಬೆಳಗನ್ನು ಹೇಳಿದಳು. ರಬ್ಬರು ಕೊಟ್ಟದ್ದು, ಮೂರು ಮತ್ತು ಎರಡು, ಬಾಗಿಲ ಸಂದಿನಲ್ಲಿ ತನ್ನ ಹೆಸರು. "ಆಗ ನನಗೆ ಹನ್ನೆರಡು ವರ್ಷ. ನನ್ನ ಟೀಚರು ಕೆಟ್ಟವರಲ್ಲ. ಅವರ ಜೇಬಲ್ಲಿ ಒಂದು ಕಾರ್ಡ್ ಇತ್ತು. ಅದನ್ನ ಬರೆದೋರು ಈ ಕೋಣೇಲಿ ಇರ್ಲಿಲ್ಲ. ನಮ್ಮನ್ನ ಯಾರೂ ಕೇಳ್ಲಿಲ್ಲ. ಈಗ್ಲಾದ್ರೂ ಕೇಳಿ. ಒಳಗೆ ಕೂತಿರೋರು ನಾವು. ಹೊರಗೆ ಉಳಿಯೋರೂ ನಾವೇ."

ಜೂನಿ ಎದ್ದು, "ನಾನೂ ಇದ್ದೆ. ನನಗೂ ಕೇಳಿಸ್ತು," ಎಂದಳು. ಕಿಟಕಿಯ ಬಳಿ ನಿಂತಿದ್ದ ಒಬ್ಬ ಹುಡುಗ, ಅವನ ಹಿಂದೆ ಇನ್ನೊಬ್ಬಳು. ಫೆಬ್ರವರಿಯ ಆ ದಿನ ಕೋಣೆಯಲ್ಲಿದ್ದವರಲ್ಲಿ ಹನ್ನೊಂದು ಜನ ಬಂದಿದ್ದರು. ಹನ್ನೊಂದೂ ಜನ ಒಬ್ಬೊಬ್ಬರಾಗಿ ಅದೇ ಮಾತು ಹೇಳಿದರು.

ಬಂದೂಕಿನ ಬೀಗದ ವಿಷಯ ಬಂದಾಗ ಹಿಂದಿನಿಂದ ಗೊಣಗಾಟ ಎದ್ದಿತು. ನಮ್ಮ ಮನೆಯೊಳಗೆ ಕೈ ಹಾಕಲು ಇವರ್ಯಾರು ಎಂದು ಒಬ್ಬ ಜೋರಾಗಿಯೇ ಹೇಳಿದ. ಆಗ ರಾನ್ ಗೋಡೆ ಬಿಟ್ಟು ಮುಂದೆ ಬಂದ.

"ನಂದು ನೆಲಮಾಳಿಗೇಲಿ ಒಲೆ ಹಿಂದೆ ಒರಗಿಸಿಟ್ಟಿದೆ," ಎಂದ. ಸಭೆಯನ್ನು ನೋಡದೆ ಬೂಟುಗಳನ್ನು ನೋಡಿಕೊಂಡು ಹೇಳಿದ. "ಇಪ್ಪತ್ತು ವರ್ಷದಿಂದ ಅಲ್ಲೇ ಇದೆ. ಬೀಗ ಇಲ್ಲ. ಇವಳು ಹೇಳಿದ್ಲು ಅಂತ ಮೂರು ವಾರ ಮಾತು ಬಿಟ್ಟೆ. ಇವತ್ತು ಬೆಳಿಗ್ಗೆ ಇಳಿದು ನೋಡ್ದೆ. ಒಳಗೆ ಗುಂಡು ತುಂಬಿತ್ತು. ಯಾವಾಗ ತುಂಬಿಟ್ಟಿದ್ದೆ ಅಂತ ನನಗೇ ನೆನಪಿಲ್ಲ." ಮಗಳ ಕಡೆ ತಿರುಗಿ, "ಎಲ್ಲಿ ಸಹಿ ಹಾಕ್ಬೇಕು, ಕೊಡು," ಎಂದ.

ಮೊದಲ ಬೇಡಿಕೆಗೆ ಏಳು ಮತ ಬಿತ್ತು. ಬಾಗಿಲಿನವನು ತನ್ನ ಬಾಗಿಲನ್ನು ಬಿಚ್ಚಿಕೊಂಡು ಹೋಗಬೇಕಾಯಿತು. ಟೀಚರುಗಳ ಜೊತೆ ಕೂತು ಹೊಸ ನಿಯಮ ಬರೆಯುವ ಸಮಿತಿಗೆ ನಾಲ್ವರು ವಿದ್ಯಾರ್ಥಿಗಳು, ಅವರಿಗೆ ಮತವೂ ಉಂಟು ಎಂದು ಬ್ರಾಂಟೇ ಸೂಚಿಸಿದರು. ಎರಡನೆಯದು ಒಂದು ಮತದಿಂದ ಸೋತಿತು. ಸೋಲಿಸಿದ ಐದನೇ ಮತ ಬ್ರಾಂಟರದೇ. ನಿಯಮವಾಗಿ ಬೇಡ, ಪತ್ರವಾಗಿ ಮನೆಮನೆಗೆ ಕಳಿಸೋಣ ಎಂದರು. ಟೆಸ್ಸಾ ವಸಂತದಲ್ಲಿ ಮತ್ತೆ ತರುತ್ತೇನೆ ಎಂದಳು. "ತಾ ಮಗೂ," ಎಂದರು ಅವರು; ಈ ಸಲ ಆ ಮಾತು ಬೇರೆ ಥರ ಕೇಳಿಸಿತು. ಬರೆದುಕೊಳ್ಳುವ ಹೆಂಗಸು ಬರೆದುಕೊಂಡಳು.

ಜನ ಚದುರಿದ ಮೇಲೆ ಗ್ಲೆಂಡಾ ಟೆಸ್ಸಾಳ ಹತ್ತಿರ ಬಂದಳು. "ಈ ಕೋಣೇಲಿ ನಾನೊಬ್ಳೇ ಸ್ವಲ್ಪ ಹೊತ್ತು ಇರಬಹುದಾ? ಬಾಗಿಲು ತೆರೆದೇ ಇರ್ಲಿ."

ಟೆಸ್ಸಾ ಅಪ್ಪನಿಗೆ ಕಾರಿನಲ್ಲಿ ಕಾಯಲು ಹೇಳಿ ಕಾರಿಡಾರಿನ ತಿರುವಿನಲ್ಲಿ ನಿಂತಳು. ಕಿಟಕಿಯ ಹೊರಗೆ ಹಿಮ ಉದುರತೊಡಗಿತ್ತು. ಕೋಣೆಯೊಳಗಿಂದ ಗ್ಲೆಂಡಾಳ ದನಿ ತಗ್ಗಿ ಕೇಳಿಸುತ್ತಿತ್ತು. ಪದಗಳು ಬಿಡಿಯಾಗಿ ತಿಳಿಯುತ್ತಿರಲಿಲ್ಲ. ಒಂದಿಷ್ಟು ಮಾತು, ಆಮೇಲೆ ಮೌನ. ಮತ್ತೆ ಮಾತು, ಮತ್ತೆ ಮೌನ. ಮೌನಗಳು ಒಂದೇ ಅಳತೆಯವಲ್ಲ. ಕೆಲವು ಗಿಡ್ಡ, ಕೆಲವು ಉದ್ದ, ಎದುರಿಗಿರುವವರು ಹೇಳುವುದನ್ನು ಕೇಳಿಸಿಕೊಳ್ಳುವಾಗ ಆಗುವಂಥವು. ಒಮ್ಮೆ ಗ್ಲೆಂಡಾ ನಕ್ಕಳು. ಟೆಸ್ಸಾಳಿಗೆ ಓಡಿಹೋಗಬೇಕು ಎನ್ನಿಸಿತು. ನಿಂತು ಕೇಳುವುದು ತನ್ನ ಪಾಲಿನ ಕೆಲಸ ಎಂದೂ ಅನ್ನಿಸಿತು.

ಇಪ್ಪತ್ತು ನಿಮಿಷವಾದ ಮೇಲೆ ಗ್ಲೆಂಡಾ ಹೊರಗೆ ಬಂದಳು. ಕಣ್ಣು ಕೆಂಪಗಿತ್ತು, ಕೂದಲು ಒಪ್ಪವಾಗಿತ್ತು. ಬಾಗಿಲನ್ನು ಗೋಡೆಗೆ ತಾಗುವವರೆಗೆ ಅಗಲವಾಗಿ ತೆರೆದು, ಹಾಗೇ ನಿಲ್ಲುತ್ತದೆಯೇ ಎಂದು ಒಮ್ಮೆ ನೋಡಿ, ಟೆಸ್ಸಾಳ ಕಡೆ ನಡೆದು ಬಂದಳು.

"ನಿನ್ನ ಮೇಲೆ ಅವಳಿಗೇನೂ ಕೋಪ ಇಲ್ಲ," ಎಂದಳು, ನೆರೆಮನೆಯ ಸುದ್ದಿ ಹೇಳುವಷ್ಟು ಸಹಜವಾಗಿ. ಆಮೇಲೆ ಟೆಸ್ಸಾಳ ಬರಿಯ ಕತ್ತು ನೋಡಿ ತನ್ನ ಉಣ್ಣೆಯ ಶಾಲನ್ನು ಬಿಚ್ಚಿ ಅವಳಿಗೆ ಸುತ್ತಿದಳು. "ನಡಿ, ನಿಮ್ಮಪ್ಪ ಕಾಯ್ತಿರ್ತಾನೆ."

ಇಬ್ಬರೂ ಕಾರಿಡಾರಿನ ಉದ್ದಕ್ಕೂ ನಡೆದರು. ಟೆಸ್ಸಾ ಹಿಂತಿರುಗಿ ನೋಡಲಿಲ್ಲ.